ಓದುಗರ ಪ್ರಶ್ನೆ: ಚಿಗರಿ ಹತ್ತುವ ಮುನ್ನ

(ಹುಬ್ಬಳ್ಳಿ–ಧಾರವಾಡ ನಡುವೆ ರಸ್ತೆಯ ಮಧ್ಯದ ಪ್ರತ್ಯೇಕ ಪಥದಲ್ಲಿ, ಅಂದರೆ ಬಿಆರ್‌ಟಿಎಸ್ ಪಥದಲ್ಲಿ ಓಡುವ ಬಸ್ಸೇ ಚಿಗರಿ.)

ನವನಗರಕ್ಕೆ ಹೊಸದಾಗಿ ಬಂದೀವ್ರಿ. ನಿಲ್ದಾಣ ರಸ್ತೆ ನಡುವ ಐತಿ, ಎರಡೂ ಬದಿ ಬಾಗಿಲು. ಧಾರವಾಡದ ಬದಲು ಹುಬ್ಬಳ್ಳಿ ಬಸ್ ಹತ್ತಬಾರದು ಅಂದ್ರ ಗುರುತು ಏನ್ರಿ?
– ನವನಗರದ ಓದುಗರು

ಧಾರವಾಡದ ಕಡೆ ಮುಖ ಮಾಡಿ ನಿಲ್ಲಿ. ಎಡಗೈ ಬದಿಯ ಬಾಗಿಲಿಗೆ ಧಾರವಾಡದ ಬಸ್ ಬರುತ್ತದೆ, ಬಲಗೈ ಬದಿಗೆ ಹುಬ್ಬಳ್ಳಿಯದು. ವಾಹನಗಳು ಎಡಕ್ಕೆ ಚಲಿಸುವ ನಿಯಮವೇ ಇಲ್ಲೂ ನಡೆಯುತ್ತದೆ. ನಿಲ್ದಾಣ ನಡುರಸ್ತೆಯಲ್ಲಿ ಇರುವುದರಿಂದಲೇ ಚಿಗರಿಗೆ ಬಲಬದಿಯಲ್ಲಿ ಬಾಗಿಲು ಇಟ್ಟಿರುವುದು.

ಟಿಕೆಟ್ಟನ್ನು ಬಸ್ಸಿನಲ್ಲಲ್ಲ, ನಿಲ್ದಾಣದ ಕೌಂಟರಿನಲ್ಲೇ ತೆಗೆಸಬೇಕು. ಬರೀ ‘ಧಾರವಾಡ’ ಅನ್ನಬೇಡಿ. ಟೋಲ್ ನಾಕಾ, ಕೋರ್ಟ್ ಸರ್ಕಲ್, ಜುಬ್ಲಿ ಸರ್ಕಲ್ ಎಂದು ಇಳಿಯುವ ನಿಲ್ದಾಣದ ಹೆಸರನ್ನೇ ಹೇಳಿ. ಚೀಟಿಯ ಕ್ಯೂಆರ್ ಕೋಡ್ ಮೇಲೆ ಮಡಿಕೆ ಬಿದ್ದರೆ ಗೇಟು ಓದುವುದಿಲ್ಲ, ಹಿಂದೆ ಸಾಲು ಬೆಳೆಯುತ್ತದೆ. ಬೆವರಿದ ಮುಷ್ಟಿಯಲ್ಲಿ ಹಿಡಿಯದೆ ಜೇಬಿನಲ್ಲಿ ಚಪ್ಪಟೆಯಾಗಿ ಇಟ್ಟುಕೊಳ್ಳಿ. ಇಳಿದು ನಿಲ್ದಾಣದ ಹೊರಗೆ ಬರುವವರೆಗೆ ಎಸೆಯಬೇಡಿ. ದಿನವೂ ಓಡಾಡುವವರಿಗೆ ಸ್ಮಾರ್ಟ್ ಕಾರ್ಡ್ ವಾಸಿ, ಚಿಲ್ಲರೆಯ ತಕರಾರು ಇರುವುದಿಲ್ಲ.

ಇದಕ್ಕಿಂತ ದೊಡ್ಡ ಎಚ್ಚರ ರಸ್ತೆ ದಾಟುವಾಗ ಬೇಕು. ಬೈಕು, ಕಾರುಗಳ ಸಾಲು ದಾಟಿದ ಕೂಡಲೇ ಜನ ನಿರಾಳರಾಗಿ ಬಿಆರ್‌ಟಿಎಸ್ ಪಥಕ್ಕೆ ಕಾಲಿಡುತ್ತಾರೆ. ತಡೆರಹಿತ ಚಿಗರಿ ಎಲ್ಲ ನಿಲ್ದಾಣಗಳಲ್ಲಿ ನಿಲ್ಲುವುದಿಲ್ಲ; ನಿಂತ ಬಸ್ಸನ್ನು ದಾಟಿ ಮುಂದೆ ಹೋಗಲು ಅದಕ್ಕೆ ಪಕ್ಕದಲ್ಲೇ ಇನ್ನೊಂದು ಪಥವಿದೆ. ಹಾಗಾಗಿ ನಿಂತ ಬಸ್ಸಿನ ಮುಂದಿನಿಂದ ದಾಟುವುದು ಅತ್ಯಂತ ಅಪಾಯ: ಹಿಂದಿನಿಂದ ಬರುತ್ತಿರುವುದು ನಿಮಗೆ ಕಾಣದು, ಆ ಚಾಲಕರಿಗೆ ನೀವೂ ಕಾಣುವುದಿಲ್ಲ. ಬಸ್ ತಪ್ಪಿದರೆ ತಪ್ಪಲಿ. ಸಿಗ್ನಲ್ ಬಿದ್ದ ಮೇಲೆ ಜೀಬ್ರಾ ಪಟ್ಟಿಯಲ್ಲೇ ದಾಟಿ, ಮೇಲ್ಸೇತುವೆ ಇರುವಲ್ಲಿ ಅದನ್ನೇ ಹತ್ತಿ.

ಬಹಳ ಹೊತ್ತು ಒಂದೂ ಬರೋದಿಲ್ಲ, ಆಮೇಲೆ ಎರಡು ಒಟ್ಟಿಗೇ ಬರ್ತಾವ. ಪ್ರತ್ಯೇಕ ರಸ್ತೆ ಇದ್ದೂ ಹೀಗೇಕೆ?
– ವಿದ್ಯಾನಗರದ ವಿದ್ಯಾರ್ಥಿನಿ

ಪಥ ಪ್ರತ್ಯೇಕವಾದರೂ ಸರ್ಕಲ್ಲುಗಳು ಎಲ್ಲರದೂ. ಸಿಗ್ನಲ್ಲಿನಲ್ಲಿ ಒಂದು ಬಸ್ ಎರಡು ನಿಮಿಷ ತಡವಾಯಿತು ಎನ್ನಿ. ಅಷ್ಟರಲ್ಲಿ ಮುಂದಿನ ನಿಲ್ದಾಣದಲ್ಲಿ ಜನ ಹೆಚ್ಚುತ್ತಾರೆ. ಹತ್ತಿ ಇಳಿಯಲು ಇನ್ನಷ್ಟು ಸಮಯ ಹಿಡಿದು ಬಸ್ ಮತ್ತಷ್ಟು ಹಿಂದೆ ಬೀಳುತ್ತದೆ. ಅದರ ಹಿಂದಿನದಕ್ಕೆ ಜನವೇ ಉಳಿದಿರುವುದಿಲ್ಲ, ಅದು ಬೇಗ ಬೇಗ ಸಾಗಿ ಮುಂದಿನದನ್ನು ಮುಟ್ಟುತ್ತದೆ. ಬಾಗಿಲಲ್ಲೇ ನಿಲ್ಲುವ ಪ್ರಯಾಣಿಕರು ಈ ತಡವನ್ನು ಇನ್ನೂ ಬೆಳೆಸುತ್ತಾರೆ. ಮೊದಲು ಇಳಿಯುವವರಿಗೆ ದಾರಿ ಬಿಡಿ, ಹತ್ತಿದ ಮೇಲೆ ಒಳಗೆ ಸರಿಯಿರಿ. ನಿಲ್ದಾಣದ ಫಲಕದಲ್ಲಿ ಹಿಂದೆಯೇ ಇನ್ನೊಂದು ಬಸ್ ತೋರಿಸುತ್ತಿದ್ದರೆ ತುಂಬಿದ ಬಸ್ಸಿಗೆ ನುಗ್ಗಬೇಡಿ. ಎರಡನೆಯದರಲ್ಲಿ ಸೀಟೇ ಸಿಗಬಹುದು.

ಗದಗಿನಿಂದ ರೈಲಿನಲ್ಲಿ ಬಂದು ಸತ್ತೂರಿನ ಆಸ್ಪತ್ರೆಗೆ ಕೆಲಸಕ್ಕೆ ಹೋಗಬೇಕು. ಧಾರವಾಡದವರೆಗೂ ರೈಲಲ್ಲೇ ಹೋಗಲೇ?
– ಗದಗ

ಬೇಡ. ಸತ್ತೂರು ಹುಬ್ಬಳ್ಳಿ, ಧಾರವಾಡಗಳ ನಡುವೆ ಇದೆ, ಧಾರವಾಡಕ್ಕೆ ಹೋದರೆ ಹಿಂದಕ್ಕೆ ಬರಬೇಕಾಗುತ್ತದೆ. ಹುಬ್ಬಳ್ಳಿಯಲ್ಲೇ ಇಳಿದು ರೈಲ್ವೆ ನಿಲ್ದಾಣದ ಮುಂದೆ ಚಿಗರಿ ಹಿಡಿಯಿರಿ. ಹತ್ತುವ ಮುನ್ನ ಅದು ಸತ್ತೂರಿನಲ್ಲಿ ನಿಲ್ಲುತ್ತದೆಯೇ ಎಂದು ಕೌಂಟರಿನಲ್ಲಿ ಕೇಳಿ. ಸಂಜೆ ಮರಳುವಾಗ ಬಸ್ಸಿನ ಬೋರ್ಡು ಓದಿ: ಕೆಲವು ಚಿಗರಿ ಸಿಬಿಟಿಗೆ (ಸಿಟಿ ಬಸ್ ನಿಲ್ದಾಣಕ್ಕೆ) ಹೋಗುತ್ತವೆ, ರೈಲ್ವೆ ನಿಲ್ದಾಣಕ್ಕಲ್ಲ. ಇನ್ನೊಂದು ಮಾತು, ಹುಬ್ಬಳ್ಳಿಯ ಎಂಟನೇ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ. ನಿಮ್ಮ ಗಾಡಿ ಅಲ್ಲಿಗೆ ಬಂದರೆ ನಡಿಗೆಗೂ ಸಮಯ ಹಿಡಿದಿಡಿ.

ಲೈಟ್ ರೈಲಿನ ಮಾತು ಕೇಳುತ್ತಿದ್ದೇವೆ. ಬಂದರೆ ಇದೆಲ್ಲ ಬದಲಾದೀತೇ?
– ಉಣಕಲ್

ಮುಖ್ಯ ವ್ಯತ್ಯಾಸ ಜನ ಹಿಡಿಸುವುದರಲ್ಲಿ. ಬೋಗಿಗಳನ್ನು ಜೋಡಿಸಿ ಒಬ್ಬರೇ ಚಾಲಕರು ಹೆಚ್ಚು ಜನರನ್ನು ಒಯ್ಯಬಹುದು. ಮೊದಲೇ ಟಿಕೆಟ್, ವಾಹನದ ನೆಲಕ್ಕೆ ಸಮನಾದ ಕಟ್ಟೆ, ಸ್ವಂತ ಪಥ ಇವು ಚಿಗರಿಯಲ್ಲೂ ಇವೆ. ಸರ್ಕಲ್ಲಿನಲ್ಲಿ ಮೊದಲ ಆದ್ಯತೆ ಸಿಗದಿದ್ದರೆ ಹಳಿಯ ಮೇಲಿನ ಗಾಡಿಯೂ ಬಸ್ಸಿನ ಹಾಗೆಯೇ ಕೆಂಪು ದೀಪಕ್ಕೆ ಕಾಯುತ್ತದೆ.

ಅವ್ವನ ಹತ್ತಿರ ಆಧಾರ್ ಕಾರ್ಡ್ ಐತಿ. ಶಕ್ತಿ ಯೋಜನೆ ಚಿಗರಿಗೆ ನಡೀತದೇನ್ರಿ? ಮೊಣಕಾಲು ನೋವೂ ಐತಿ.
– ಹಳೇ ಹುಬ್ಬಳ್ಳಿ

2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಎಸಿ ಬಸ್ಸುಗಳಿಗೆ ಅನ್ವಯಿಸುವುದಿಲ್ಲ, ಚಿಗರಿ ಎಸಿ ಬಸ್. ಉಚಿತವಾಗಿ ಹೋಗಬೇಕೆಂದರೆ ರಸ್ತೆಬದಿಯಲ್ಲಿ ನಿಲ್ಲುವ ಸಾಮಾನ್ಯ ಬಸ್ಸು ಹತ್ತಿ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯಲೇಬೇಕು. ಆದರೆ ಅಲ್ಲಿ ಮೆಟ್ಟಿಲು ಏರಬೇಕು. ಮೊಣಕಾಲು ನೋವಿರುವ ದಿನ ದುಡ್ಡು ಕೊಟ್ಟಾದರೂ ಚಿಗರಿಯಲ್ಲೇ ಕರೆದೊಯ್ಯಿರಿ. ಬಸ್ಸಿಗೂ ಕಟ್ಟೆಗೂ ನಡುವೆ ಸಂದು ಉಳಿಯುತ್ತದೆ. ನೀವು ಮೊದಲು ಒಳಗೆ ಕಾಲಿಟ್ಟು ಅವರ ಕೈ ಹಿಡಿಯಿರಿ, ಬಾಗಿಲ ಪಕ್ಕದ ಕಂಬ ಸಿಕ್ಕ ಮೇಲಷ್ಟೇ ಬಿಡಿ.