ಸಿಯಾಟಲ್ ವಲಯಕ್ಕೂ ಸಿಯಾಟಲ್‌ಗೂ ಏನು ಸಂಬಂಧ?

(ಹಾಸನದ ಓದುಗರೊಬ್ಬರು, ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕಿ, ಬರೆದ ಪತ್ರದ ಸಾರ: ‘ಮಗಳ ಮನೆಗೆಂದು ಅಮೆರಿಕದ ಅಯೋವಾಕ್ಕೆ ಹೋಗಿದ್ದೆ. ಅಲ್ಲಿ ಎಲ್ಲರ ಬಾಯಲ್ಲೂ ಬಾಸ್ಕೆಟ್‌ಬಾಲ್ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್. ಆ ಹುಡುಗಿ ಅಯೋವಾದವಳು, ಓದಿದ್ದೂ ಅಲ್ಲೇ. ಆದರೆ 2023ರಲ್ಲಿ ಅವಳು ‘ಸಿಯಾಟಲ್ ವಲಯ’ದ ಶ್ರೇಷ್ಠ ಆಟಗಾರ್ತಿ, 2024ರಲ್ಲಿ ‘ಆಲ್ಬನಿ ವಲಯ’ದ ಶ್ರೇಷ್ಠ ಆಟಗಾರ್ತಿ! ಒಂದು ಊರು ಪಶ್ಚಿಮದ ತುದಿ, ಇನ್ನೊಂದು ಪೂರ್ವದ್ದು. ನಮ್ಮ ಸೌತ್ ಝೋನ್ ಎಂದರೆ ದಕ್ಷಿಣವೇ ಆಗಿರುತ್ತಿತ್ತು. ಎರಡು ಪಂದ್ಯ ಚೆನ್ನಾಗಿ ಆಡಿದವಳಿಗೆ ಕೊಡುವ ಇಂಥ ಪ್ರಶಸ್ತಿಗೆ ಬೆಲೆ ಏನು? ಸೋತ ತಂಡದಲ್ಲಿ ಅವಳಿಗಿಂತ ಚೆನ್ನಾಗಿ ಆಡಿದವಳಿದ್ದರೆ? ನಮ್ಮ ಹುಡುಗಿಯರಿಗೆ ಇವೆಲ್ಲ ಎಟುಕುತ್ತವೆಯೇ?’)

ಮಾನ್ಯ ಮೇಡಂ,

ಹೆಸರಿನ ಗೊಂದಲವನ್ನು ಮೊದಲು ಬಿಡಿಸಿಬಿಡುತ್ತೇನೆ. ಅಮೆರಿಕದ ಕಾಲೇಜು ಕ್ರೀಡೆಗಳ ಒಕ್ಕೂಟವಾದ ಎನ್‌ಸಿಎಎ ನಡೆಸುವ ಮಹಿಳಾ ಬಾಸ್ಕೆಟ್‌ಬಾಲ್ ಟೂರ್ನಿಗೆ ಈಗ 68 ತಂಡಗಳು ಬರುತ್ತವೆ. ಶುರುವಿನ ನಾಲ್ಕು ಪಂದ್ಯಗಳಲ್ಲಿ ನಾಲ್ಕು ತಂಡ ಹೊರಬಿದ್ದು 64 ಉಳಿಯುತ್ತವೆ. ಆ 64ನ್ನು ನಾಲ್ಕು ಪಾಲು ಮಾಡಿ, ಒಂದೊಂದು ಪಾಲಿಗೂ ವಲಯ ಎನ್ನುತ್ತಾರೆ. ನೀವು ವರ್ಷಗಟ್ಟಲೆ ಫಿಕ್ಸ್ಚರ್ ಹಾಕಿದವರು, ಒಂದೇ ಮಾತಿನಲ್ಲಿ ತಿಳಿಯುತ್ತದೆ: ಇದು ನಾಲ್ಕು ಪೂಲ್. ಭೂಪಟಕ್ಕೂ ಇದಕ್ಕೂ ನಂಟು ಕಡಿಮೆ. ಹಿಂದೆ ಈಸ್ಟ್, ವೆಸ್ಟ್, ಮಿಡ್‌ವೆಸ್ಟ್, ಮಿಡ್‌ಈಸ್ಟ್ ಎಂದು ಹೆಸರಿದ್ದಾಗಲೂ ದೂರದ ತಂಡಗಳು ಅವುಗಳಲ್ಲಿ ಬಂದು ಕೂರುತ್ತಿದ್ದವು. ಆಮೇಲೆ ಆತಿಥ್ಯ ವಹಿಸುವ ಊರಿನ ಹೆಸರನ್ನೇ ಇಡತೊಡಗಿದರು. 2023ರಿಂದ ನಾಲ್ಕು ವಲಯದ ಪಂದ್ಯಗಳನ್ನೂ ಎರಡೇ ಊರಿಗೆ ಇಳಿಸಿದ್ದರಿಂದ ಹೆಸರಿನ ಪಕ್ಕ ಅಂಕಿಯೂ ಸೇರಿತು. ನೀವು ಕೇಳಿದ್ದು ‘ಸಿಯಾಟಲ್ 4’ ಮತ್ತು ‘ಆಲ್ಬನಿ 2’. ದೇಶದ ಒಟ್ಟು ಶ್ರೇಯಾಂಕದಲ್ಲಿ ಎಷ್ಟನೆಯ ತಂಡ ಆ ವಲಯದ ತಲೆಯಲ್ಲಿ ಕೂತಿದೆ ಎಂಬುದನ್ನು ಆ ಅಂಕಿ ಹೇಳುತ್ತದೆ. 2024ರಲ್ಲಿ ಅಯೋವಾ ಎರಡನೆಯದು. ಅದಕ್ಕೇ ಆಲ್ಬನಿ 2.

ಮೊದಲ ಎರಡು ಸುತ್ತುಗಳು ದೊಡ್ಡ ಸೀಡ್‌ಗಳ, ಅಂದರೆ ಮೇಲಿನ ಶ್ರೇಯಾಂಕ ಪಡೆದ ತಂಡಗಳ, ಸ್ವಂತ ಅಂಗಳದಲ್ಲಿ ನಡೆಯುತ್ತವೆ. ಉಳಿದ 16 ತಂಡಗಳು ಆ ಎರಡು ಊರುಗಳಿಗೆ ಹೋಗುತ್ತವೆ. ಅಲ್ಲಿ ಎರಡು ಪಂದ್ಯ ಗೆದ್ದರೆ ರಾಷ್ಟ್ರೀಯ ಸೆಮಿಫೈನಲ್. ವಲಯದ ಶ್ರೇಷ್ಠ ಆಟಗಾರ್ತಿ ಮತ್ತು ಐದು ಜನರ ವಲಯ ತಂಡ ಎಂದು ಸಾರುವುದು ಆ ಎರಡು ಪಂದ್ಯಗಳು ಮುಗಿದಾಗ. ಎರಡೇ ಪಂದ್ಯದ ಲೆಕ್ಕ ಎಂದು ನೀವು ಬರೆದದ್ದು ಸರಿಯೇ.

ಬೆಲೆ ಏನು ಎಂಬಲ್ಲಿ ಮಾತ್ರ ನಿಮ್ಮ ಮಾತನ್ನು ಒಪ್ಪಲಾರೆ. ಆ ಎರಡು ಪಂದ್ಯಗಳು ಎಂಥವು ನೋಡಿ. ಸಿಯಾಟಲ್‌ನಲ್ಲಿ ಕ್ಲಾರ್ಕ್ ಕೊಲರಾಡೊ ವಿರುದ್ಧ 31 ಅಂಕ ಗಳಿಸಿದಳು. ಮುಂದಿನ ಪಂದ್ಯದಲ್ಲಿ ಲೂಯಿವಿಲ್ ವಿರುದ್ಧ 41 ಅಂಕ, 12 ಅಸಿಸ್ಟ್ (ಜೊತೆಯವರ ಬುಟ್ಟಿಗೆ ದಾರಿ ಮಾಡಿದ ಪಾಸ್), 10 ರೀಬೌಂಡ್ (ಗುರಿ ತಪ್ಪಿದ ಚೆಂಡನ್ನು ಹಿಡಿದದ್ದು). ಹೀಗೆ ಮೂರು ಲೆಕ್ಕದಲ್ಲೂ ಎರಡಂಕಿ ಮುಟ್ಟಿದರೆ ಅದು ಟ್ರಿಪಲ್ ಡಬಲ್. ಅಂಕ 40 ದಾಟಿದ ಟ್ರಿಪಲ್ ಡಬಲ್ ಎನ್‌ಸಿಎಎ ಟೂರ್ನಿಯಲ್ಲಿ ಅದಕ್ಕೆ ಮೊದಲು ಗಂಡಸರದ್ದೂ ಇರಲಿಲ್ಲ, ಹೆಂಗಸರದ್ದೂ ಇರಲಿಲ್ಲ. ಮರುವರ್ಷ ಆಲ್ಬನಿಯಲ್ಲಿ ಎದುರಿಗಿದ್ದದ್ದು, 2023ರ ಫೈನಲ್‌ನಲ್ಲಿ ಅಯೋವಾವನ್ನು 102-85ರಿಂದ ಸೋಲಿಸಿದ್ದ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ). ಈ ಸಲ ಅಯೋವಾ 94, ಎಲ್‌ಎಸ್‌ಯು 87. ಕ್ಲಾರ್ಕ್ ಮತ್ತೆ 41, ಅದರಲ್ಲಿ ಒಂಬತ್ತು ತ್ರೀ ಪಾಯಿಂಟರ್ (ದೂರದ ಗೆರೆಯಾಚೆಯಿಂದ ಹಾಕುವ ಮೂರಂಕದ ಬುಟ್ಟಿ). ಆ ರಾತ್ರಿ ಟಿವಿಯಲ್ಲಿ ನೋಡಿದವರು 1 ಕೋಟಿ 23 ಲಕ್ಷ. ಅದಿನ್ನೂ ಸೆಮಿಫೈನಲ್ ಕೂಡ ಅಲ್ಲ!

ಇಡೀ ಋತುವಿಗೆ ಕೊಡುವ ಪ್ರಶಸ್ತಿಗಳಲ್ಲಿ ದುರ್ಬಲ ತಂಡಗಳ ಮೇಲೆ ರಾಶಿ ಹಾಕಿದ ಅಂಕಗಳೂ ಸೇರಿರುತ್ತವೆ, ಹಿಂದಿನ ವರ್ಷದ ಹೆಸರೂ ಕೆಲಸ ಮಾಡುತ್ತದೆ. ವಲಯದ ಪ್ರಶಸ್ತಿಯಲ್ಲಿ ಆ ಸೌಕರ್ಯವಿಲ್ಲ. ಸೋತರೆ ಮನೆಗೆ ಎಂಬ ದಿನ, ದೇಶದ ಮೊದಲ ಹದಿನಾರರಲ್ಲಿ ಒಂದು ತಂಡದ ಎದುರು ಏನು ಮಾಡಿದೆ ಎಂಬುದೊಂದೇ ಪ್ರಶ್ನೆ. ಪೋರ್ಟ್‌ಲೆಂಡ್ 4ರ ಅಜಿಯಾ ಜೇಮ್ಸ್ ನನ್ನ ಮೆಚ್ಚಿನ ಉದಾಹರಣೆ. 2024ರಲ್ಲಿ ಕ್ಲಾರ್ಕ್, ಬ್ಯೂಕರ್ಸ್, ವಾಟ್ಕಿನ್ಸ್ ಎಂದು ಪತ್ರಿಕೆಗಳು ಜಪ ಮಾಡುತ್ತಿದ್ದಾಗ ಈಕೆಯ ಹೆಸರು ಹೊರಗಿನವರಿಗೆ ಅಷ್ಟಾಗಿ ಗೊತ್ತಿರಲಿಲ್ಲ. ಒಂದನೇ ಸೀಡ್ ಟೆಕ್ಸಸ್ ವಿರುದ್ಧ ಏಳು ತ್ರೀ ಪಾಯಿಂಟರ್ ಹಾಕಿ, 27 ಅಂಕ ಗಳಿಸಿ ನಾರ್ತ್ ಕೆರೊಲಿನಾ ಸ್ಟೇಟನ್ನು ಸೆಮಿಫೈನಲ್‌ಗೆ ಒಯ್ದಳು. ವಲಯದ ಶ್ರೇಷ್ಠ ಆಟಗಾರ್ತಿ ಆಕೆಯೇ. (ಅಂದಹಾಗೆ, ಆ ಅಂಗಣದ ಒಂದು ತುದಿಯಲ್ಲಿ ತ್ರೀ ಪಾಯಿಂಟ್ ಗೆರೆಯನ್ನು ಒಂದು ಗೇಣಿನಷ್ಟು ಹತ್ತಿರ ಎಳೆದಿದ್ದರು. ಇದು ಬೆಳಕಿಗೆ ಬಂದದ್ದು ಅದೇ ಪಂದ್ಯ ಶುರುವಾಗುವ ಹೊತ್ತಿಗೆ. ಎರಡೂ ತಂಡಗಳು ಪರವಾಗಿಲ್ಲ, ಆಡೋಣ ಎಂದವು. ಅರ್ಧ ಆಟದ ನಂತರ ತುದಿ ಬದಲಾಗುವುದರಿಂದ ಯಾರಿಗೂ ಅನ್ಯಾಯವಾಗಲಿಲ್ಲ ಅನ್ನಿ. ಆದರೂ ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ಹೀಗಾಗಿದ್ದರೆ ನೀವು ಸುಣ್ಣದ ಡಬ್ಬ ಹಿಡಿದವನನ್ನು ಸುಮ್ಮನೆ ಬಿಡುತ್ತಿದ್ದಿರೇ?)

ಸೋತವಳ ಪ್ರಶ್ನೆ ಹೆಚ್ಚು ಕಷ್ಟದ್ದು. ವಲಯ ತಂಡದ ಐವರಲ್ಲಿ ಸೋತ ತಂಡದವರಿಗೂ ಜಾಗ ಸಿಗುತ್ತದೆ. ಶ್ರೇಷ್ಠ ಆಟಗಾರ್ತಿ ಎಂಬ ಪಟ್ಟ ಮಾತ್ರ ಗೆದ್ದ ತಂಡ ಬಿಟ್ಟು ಹೋಗುವುದು ತೀರಾ ಅಪರೂಪ. ನಾಲ್ಕು ವಲಯ ಗೆದ್ದವರು ಸೇರುವ ಅಂತಿಮ ಘಟ್ಟದಲ್ಲಿ ಇದು ನಡೆದದ್ದು ಒಂದೇ ಸಲ. 1991ರ ಫೈನಲ್‌ನಲ್ಲಿ ವರ್ಜೀನಿಯಾ ತಂಡ ಹೆಚ್ಚುವರಿ ಅವಧಿಯಲ್ಲಿ ಟೆನೆಸಿಗೆ 67-70ರಿಂದ ಸೋತಿತು, ಆದರೆ ಶ್ರೇಷ್ಠ ಆಟಗಾರ್ತಿ ಎಂದು ಆರಿಸಿದ್ದು ವರ್ಜೀನಿಯಾದ ಡಾನ್ ಸ್ಟೇಲಿಯನ್ನು. ಈಗ ಸೌತ್ ಕೆರೊಲಿನಾದ ಕೋಚ್ ಆಗಿ 2017, 2022, 2024ರಲ್ಲಿ ಪ್ರಶಸ್ತಿ ಗೆಲ್ಲಿಸಿದ ಸ್ಟೇಲಿ ಇವರೇ. ಅಂಥ ಧೈರ್ಯ ವಲಯ ಮಟ್ಟದಲ್ಲೂ ಆಗಾಗ ಕಾಣಿಸಬೇಕಿತ್ತು. ಗೆದ್ದ ತಂಡದ ಕಡೆಗೇ ಕೈ ಹೋಗುವುದು ಆಯ್ಕೆ ಮಾಡುವವರ ಸೋಮಾರಿತನ ಎಂದೇ ನನಗನಿಸುತ್ತದೆ.

ನೀವು ಹುಡುಕುತ್ತಿರುವ ನಿಜವಾದ ಪ್ರಾದೇಶಿಕ ಗೌರವ ಬೇರೆ ಕಡೆ ಇದೆ. ಮೊದಲೆಲ್ಲ ಅದು ಕಾನ್ಫರೆನ್ಸ್‌ಗಳಲ್ಲಿತ್ತು. ಅಕ್ಕಪಕ್ಕದ ರಾಜ್ಯಗಳ ವಿಶ್ವವಿದ್ಯಾಲಯಗಳು ಕೂಡಿ ಕಟ್ಟಿಕೊಂಡ ಕೂಟಗಳಿವು. ಋತುವಿನ ಕೊನೆಗೆ ಅಲ್ಲಿನ ಕೋಚ್‌ಗಳು ಮತ ಹಾಕಿ ಕಾನ್ಫರೆನ್ಸ್ ತಂಡ ಆರಿಸುತ್ತಾರೆ. ಟಿವಿ ಹಕ್ಕಿನ ಹಣ ಬಂದು ಆ ನೆರೆಹೊರೆಯನ್ನು ಕಲಸಿಬಿಟ್ಟಿತು. 2024ರಿಂದ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಇರುವುದು ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ನಲ್ಲಿ! ಲಾಸ್ ಏಂಜಲೀಸ್‌ನ ಯುಸಿಎಲ್‌ಎ, ಯುಎಸ್‌ಸಿ ತಂಡಗಳು ಅಯೋವಾ ಇರುವ ಬಿಗ್ ಟೆನ್‌ಗೆ ಬಂದಿವೆ. ಬಿಗ್ ಟೆನ್‌ನಲ್ಲಿ ಈಗ ಹದಿನೆಂಟು ತಂಡಗಳಿವೆ ಎಂದರೆ ನಿಮಗೆ ಮತ್ತೆ ಸಿಟ್ಟು ಬರಬಹುದು.

ನಿಮ್ಮ ಸೌತ್ ಝೋನ್‌ನ ಗುಣ ಉಳಿದಿರುವುದು ಕೆಳಗಿನ ಹಂತಗಳಲ್ಲಿ. ಎನ್‌ಸಿಎಎಯ ಮೂರನೇ ವಿಭಾಗದ ಕಾಲೇಜುಗಳು ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವುದಿಲ್ಲ, ಟಿವಿ ಹಣವೂ ಅತ್ತ ಸುಳಿಯುವುದಿಲ್ಲ. ಅಲ್ಲಿ ದೇಶವನ್ನು ನಿಜವಾಗಿ ಪ್ರದೇಶಗಳಾಗಿ ಹಂಚಿ, ಪ್ರತಿ ಪ್ರದೇಶಕ್ಕೂ ‘ಆಲ್ ರೀಜನ್’ ತಂಡಗಳನ್ನು ಹೆಸರಿಸುತ್ತಾರೆ. ಎರಡನೇ ವಿಭಾಗದಲ್ಲೂ ಈ ಪದ್ಧತಿ ಇದೆ. ಕ್ಯಾಮೆರಾ ಇಲ್ಲದ ಜಿಮ್‌ಗಳಲ್ಲಿ ನಾಲ್ಕು ವರ್ಷ ಆಡಿದ ಹುಡುಗಿಗೆ ಸಿಗುವ ದೊಡ್ಡ ಮನ್ನಣೆ ಬಹಳ ಸಲ ಇದೇ. ಸುತ್ತಲಿನ ಕಾಲೇಜುಗಳಲ್ಲಿ ಅವಳ ಆಟ ನೋಡಿದವರು ಒಪ್ಪಿದ್ದು ಎಂಬ ತೂಕ ಅದಕ್ಕಿದೆ. ನಮ್ಮಲ್ಲಿ ಯೂನಿವರ್ಸಿಟಿ ಬ್ಲೂ ಪಡೆದವರು ದಶಕಗಳ ನಂತರವೂ ಆ ಬ್ಲೇಜರನ್ನು ಬೀರುವಿನಲ್ಲಿ ಜೋಪಾನ ಮಾಡುತ್ತಾರಲ್ಲ, ಅಂಥದೇ.

ನಮ್ಮ ಹುಡುಗಿಯರ ಮಾತು. ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯಕ್ಕೆ, ಎನ್‌ಸಿಎಎಯ ಮೊದಲನೇ ವಿಭಾಗದಲ್ಲೇ ಆಡಿದರು. ಅಂದರೆ ದಾರಿ ಇದೆ. ಆದರೆ ಆ ತಂಡ ಇರುವುದು ಬಿಗ್ ಸ್ಕೈ ಎಂಬ ಸಣ್ಣ ಕಾನ್ಫರೆನ್ಸ್‌ನಲ್ಲಿ. ಅಲ್ಲಿಂದ ರಾಷ್ಟ್ರೀಯ ಟೂರ್ನಿಗೆ ಸಾಮಾನ್ಯವಾಗಿ ಒಂದೇ ತಂಡ, ಕಾನ್ಫರೆನ್ಸ್ ಟೂರ್ನಿ ಗೆದ್ದದ್ದು, ಹೋಗುತ್ತದೆ. ಹೋದರೂ ಮೊದಲ ಸುತ್ತಿನಲ್ಲೇ ದೊಡ್ಡ ತಂಡದ ಅಂಗಳದಲ್ಲಿ ಆಡಬೇಕು. ಹೀಗಿರುವಾಗ ವಲಯದ ಪ್ರಶಸ್ತಿ ಅಂಥ ಆಟಗಾರ್ತಿಯ ಕೈಗೆ ಸಿಗುವುದು ಹೆಚ್ಚುಕಡಿಮೆ ಅಸಾಧ್ಯ. ಕಾನ್ಫರೆನ್ಸ್ ತಂಡದಲ್ಲಿ ಒಂದು ಜಾಗವಂತೂ ಸಾಧ್ಯ. ಹಾಸನದಿಂದ ಯಾರಾದರೂ ಹೊರಟರೆ, ಮಾರ್ಚ್ ಮೊದಲ ವಾರದಲ್ಲಿ ಬರುವ ಆ ಪಟ್ಟಿಯಲ್ಲಿ ಅವಳ ಹೆಸರು ಹುಡುಕಿ, ಕಂಡರೆ ನಮಗೂ ಒಂದು ಪತ್ರ ಬರೆಯಿರಿ.

— ಸಂಪಾದಕ