ಕತ್ತಿಯ ಮೈಮೇಲಿನ ಗೆರೆಗಳು

ಪ್ರಶ್ನೆ: ಉತ್ತರ ಯುರೋಪಿನ ಕಡಲ ಯೋಧರಾದ ವೈಕಿಂಗರ, ಅವರಿಗೂ ಹಿಂದೆ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಆಂಗ್ಲೋ-ಸ್ಯಾಕ್ಸನರ ಕತ್ತಿಗಳಲ್ಲಿ ಅಲೆಅಲೆಯಾದ ಗೆರೆ ಕಾಣುತ್ತವೆ. ಅವನ್ನು ಹೇಗೆ ಮೂಡಿಸುತ್ತಿದ್ದರು? ನಮ್ಮಲ್ಲಿನ ಮೂಸೆ ಉಕ್ಕಿನ ಕತ್ತಿಗಳ ಗೆರೆಯೂ ಇದೂ ಒಂದೇನಾ? ಕತ್ತಿಗೆ ಅವರು ಅಷ್ಟು ಬೆಲೆ ಕೊಡುತ್ತಿದ್ದದ್ದು ಯಾಕೆ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಒಂದೇ ಅಲ್ಲ. ನೋಡೋಕೆ ಹತ್ತಿರ, ಹುಟ್ಟು ಬೇರೆ. ಮೂಸೆಯಲ್ಲಿ ಕರಗಿದ ಉಕ್ಕು ನಿಧಾನವಾಗಿ ಆರುವಾಗಲೇ ಗೆರೆಯ ಬೀಜ ಒಳಗೆ ಬೀಳುತ್ತದೆ, ಆಮೇಲೆ ಬಡಿದಂತೆ ಅದು ಮೇಲೆ ಕಾಣುತ್ತದೆ. ಉತ್ತರ ಯುರೋಪಿನ ಕುಲುಮೆಗಳಲ್ಲಿ ಕಬ್ಬಿಣ ಪೂರ್ತಿ ಕರಗುತ್ತಿರಲಿಲ್ಲ. ಸಿಗುತ್ತಿದ್ದದ್ದು ತೂತು ತೂತಾದ, ಕಿಟ್ಟ ತುಂಬಿದ ಗಟ್ಟಿ. ಅದನ್ನು ಬಡಿದು ಬಡಿದು ಕಿಟ್ಟ ಹೊರಹಾಕಿ, ತೆಳ್ಳಗಿನ ಪಟ್ಟಿ ಎಳೆದು, ಸಾದಾ ಕಬ್ಬಿಣ ಮತ್ತು ರಂಜಕ ಜಾಸ್ತಿ ಇರುವ ಕಬ್ಬಿಣವನ್ನು ಪದರವಾಗಿ ಬೆಸೆದು ಸರಳು ಮಾಡುತ್ತಿದ್ದರು. ಸರಳನ್ನು ಕೆಂಪಗೆ ಕಾಸಿ ಹಗ್ಗದ ಥರ ಹುರಿ ಮಾಡುತ್ತಿದ್ದರು. ಒಂದನ್ನು ಬಲಕ್ಕೆ, ಪಕ್ಕದ್ದನ್ನು ಎಡಕ್ಕೆ. ಅಂಥ ಮೂರ್ನಾಲ್ಕು ಸರಳು ಜೋಡಿಸಿ ಬೆಸೆದು, ಸುತ್ತ ಗಟ್ಟಿ ಉಕ್ಕಿನ ಅಂಚು ಕೂಡಿಸಿ, ಸಾಣೆ ಹಿಡಿದು, ಹುಳಿ ತಾಗಿಸಿದರೆ ಎರಡು ಕಬ್ಬಿಣ ಎರಡು ಬಣ್ಣದಲ್ಲಿ ಕಾಣುತ್ತವೆ. ನಡುವೆ ಚೂರು ಕಿಟ್ಟ ಉಳಿದರೂ ಬೆಸುಗೆ ಬಿಡುತ್ತಿತ್ತು, ಅಷ್ಟು ಕೆಲಸವೂ ಹಾಳು!

ಹಾಗಂತ ಗೆರೆಯಿಂದಲೇ ಕತ್ತಿ ಗಟ್ಟಿಯಾಗುತ್ತಿತ್ತು ಅಂದುಕೊಳ್ಳಬೇಡಿ. ಹರಿತ ಬರುವುದು ಅಂಚಿನ ಉಕ್ಕಿನಿಂದ, ಗೆರೆ ಹೆಚ್ಚಾಗಿ ನೋಟಕ್ಕೆ. 6ನೇ ಶತಮಾನದಲ್ಲಿ ಇಟಲಿಯ ರಾಜ ಥಿಯೊಡೊರಿಕ್ ಪರವಾಗಿ ಅವನ ಅಧಿಕಾರಿ ಕ್ಯಾಸಿಯೊಡೊರಸ್ ಬರೆದ ಪತ್ರವೊಂದಿದೆ. ಉಡುಗೊರೆಯಾಗಿ ಬಂದ ಕತ್ತಿಗಳ ನಡುವಿನಲ್ಲಿ ಸಣ್ಣ ಹುಳುಗಳು ಸುರುಳಿ ಸುತ್ತಿದಂತಿದೆ ಎಂದು ಅದರಲ್ಲಿ ಹೊಗಳಿದ್ದಾನೆ.

ಒರೆಯೂ ಕಡಿಮೆಯದಲ್ಲ. ಮರದ ಒರೆಯ ಒಳಗೆ ಎಷ್ಟೋ ಸಲ ಕುರಿಯ ತುಪ್ಪಟ ಹಾಕುತ್ತಿದ್ದರು, ಅದರ ಜಿಡ್ಡು ತುಕ್ಕು ತಡೆಯುತ್ತಿತ್ತು. ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ ಅಲ್ವಾ?

ಇನ್ನು ಬೆಲೆಯ ಮಾತು. ಅಷ್ಟು ಕೆಲಸ, ಹಿಡಿಯ ಮೇಲಿನ ಬಂಗಾರ ಎರಡೂ ಸೇರಿ ಕತ್ತಿ ದುಬಾರಿಯೇ. ಆದರೆ ನನ್ನ ಪ್ರಕಾರ ಅದಕ್ಕಿಂತ ದೊಡ್ಡದು, ಅದು ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನೋದು. ಇಂಗ್ಲೆಂಡಿನ ರಾಜ ಎಥೆಲ್‌ರೆಡ್‌ನ ಮಗ ಎಥೆಲ್‌ಸ್ಟನ್ 1014ರಲ್ಲಿ ಬರೆಸಿದ ಉಯಿಲು ಉಳಿದುಬಂದಿದೆ. ತಮ್ಮ ಎಡ್ಮಂಡ್‌ಗೆ ಅವನು ಬಿಟ್ಟದ್ದು ರಾಜ ಆಫ಼ನ ಕತ್ತಿ. ಆಫ಼ ತೀರಿಕೊಂಡದ್ದು 796ರಲ್ಲಿ! ಅದೇ ಉಯಿಲಿನಲ್ಲಿ, ತನ್ನ ಕತ್ತಿಗಳಿಗೆ ಹೊಳಪು ಕೊಡುತ್ತಿದ್ದ ಆಲ್ಫ್‌ನೋತ್ ಎಂಬ ಕೆಲಸಗಾರನಿಗೂ ಒಂದು ಕತ್ತಿ ಬರೆದಿಟ್ಟಿದ್ದಾನೆ, ಅಂಚು ಮುಕ್ಕಾದ ಅಲಂಕಾರದ ಕತ್ತಿ. ಮುಕ್ಕಾಗಿದೆ ಅಂತ ಯಾರೂ ಅದನ್ನು ಕುಲುಮೆಗೆ ಹಾಕಿರಲಿಲ್ಲ. ಆ ಮುಕ್ಕನ್ನು ದಿನಾ ಕಣ್ಣಾರೆ ಕಂಡವನ ಕೈಗೇ ಅದು ಹೋದದ್ದು ನನಗೆ ತುಂಬಾ ಇಷ್ಟವಾಗುತ್ತದೆ.

ಲಂಡನ್‌ಗೆ ಹೋದರೆ ಬ್ರಿಟಿಷ್ ಮ್ಯೂಸಿಯಂನ 41ನೇ ಕೋಣೆಗೆ ಹೋಗಿ. 1939ರಲ್ಲಿ ಇಂಗ್ಲೆಂಡಿನ ಸಟನ್ ಹೂ ಎಂಬಲ್ಲಿನ ಸಮಾಧಿ ದಿಬ್ಬದಲ್ಲಿ ಸಿಕ್ಕ 7ನೇ ಶತಮಾನದ ಕತ್ತಿ ಅಲ್ಲಿದೆ. ಅಲಗು ತುಕ್ಕು ಹಿಡಿದು ಒರೆಗೇ ಅಂಟಿಕೊಂಡಿದೆ, ಒಳಗಿನ ಗೆರೆ ಗೊತ್ತಾದದ್ದು ಎಕ್ಸ್-ರೇಯಿಂದ. ಹಿಡಿಯ ತುದಿಯಲ್ಲಿ ಬಂಗಾರ, ಕೆಂಪು ಗಾರ್ನೆಟ್ ಹರಳು. ಆ ಕಾಲದ ಯುರೋಪಿಗೆ ಇಂಥ ಹರಳು ಭಾರತ, ಶ್ರೀಲಂಕಾದಿಂದಲೂ ಹೋಗುತ್ತಿತ್ತು.