ಮೊದಲು ಸೈಕಲ್ಲಿನ ಚಕ್ರ ದುಂಡಗಿದೆಯೇ ನೋಡಿ: ಹಳೆಯ ಮಹಾಚಿತ್ರಗಳ ಬಗ್ಗೆ ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಎಲ್ಲ ಪಟ್ಟಿಗಳಲ್ಲೂ ಇರುವ ‘ಸಿಟಿಜನ್ ಕೇನ್’ ನೋಡಲು ಕೂತೆ. ಅರ್ಧದಲ್ಲೇ ತೂಕಡಿಕೆ ಬಂತು. ಅದರಲ್ಲಿ ಅಂಥದ್ದು ಎಂತ ಉಂಟು? ನಾನು ನೋಡುವ ಕ್ರಮವೇ ಸರಿ ಇಲ್ಲವಾ?
– ವಿದ್ಯಾರ್ಥಿ, ಮಣಿಪಾಲ

ಉತ್ತರ: ತೂಕಡಿಕೆ ಬಂದದ್ದರಲ್ಲಿ ನಿಮ್ಮ ತಪ್ಪೇನೂ ಇಲ್ಲ. 1941ರ ಆ ಚಿತ್ರದ ಉಪಾಯಗಳನ್ನು ಆಮೇಲೆ ಬಂದವರೆಲ್ಲ ಬಳಸಿ ಬಳಸಿ, ಇಂದು ಮೊದಲ ಸಲ ನೋಡುವವರಿಗೆ ಅವು ಹೊಸತಾಗಿ ಕಾಣುವುದೇ ಇಲ್ಲ. ಇಡೀ ಚಿತ್ರ ಬೇಡ, ಇನ್ನೊಮ್ಮೆ ಎರಡೇ ದೃಶ್ಯ ನೋಡಿ.

ಮೊದಲನೆಯದು, ಮುಂದೆ ಪತ್ರಿಕೆಗಳ ದೊಡ್ಡ ಒಡೆಯನಾಗುವ ಚಿತ್ರದ ನಾಯಕ ಕೇನ್ ಬಾಲಕನಾಗಿದ್ದಾಗ ಹಿಮದಲ್ಲಿ ಆಡುವ ದೃಶ್ಯ. ಕ್ಯಾಮೆರಾ ಹುಡುಗನಿಂದ ಶುರುವಾಗಿ ಕಿಟಕಿಯ ಮೂಲಕ ಹಿಂದೆ ಸರಿಯುತ್ತ ಮನೆಯೊಳಗೆ ಬರುತ್ತದೆ. ಮುಂದೆ ಮೇಜಿನ ಬಳಿ ತಾಯಿ ಮಗನನ್ನು ಬ್ಯಾಂಕಿನವನ ವಶಕ್ಕೆ ಒಪ್ಪಿಸುವ ಕಾಗದಕ್ಕೆ ಸಹಿ ಹಾಕುತ್ತಾಳೆ. ನಡುವೆ ಅಪ್ಪ ಗೊಣಗುತ್ತಾನೆ. ಹಿಂದೆ ಕಿಟಕಿಯ ಚೌಕಟ್ಟಿನೊಳಗೆ ಚುಕ್ಕಿಯಷ್ಟಾಗಿ ಹುಡುಗ ಆಡುತ್ತಲೇ ಇದ್ದಾನೆ. ತನ್ನ ಬದುಕು ಇಲ್ಲಿ ತೀರ್ಮಾನವಾಗುತ್ತಿದೆ ಎಂಬುದು ಅವನಿಗೆ ಗೊತ್ತಿಲ್ಲ. ಅಪ್ಪ ಕಿಟಕಿ ಮುಚ್ಚಿದಾಗ ಹುಡುಗನ ಕೂಗು ನಿಲ್ಲುತ್ತದೆ, ತಾಯಿ ಹೋಗಿ ಮತ್ತೆ ತೆರೆಯುತ್ತಾಳೆ. ಮಗನನ್ನು ಕಳಿಸುತ್ತಿರುವವಳೂ ಅವಳೇ, ಅವನ ದನಿ ಕೇಳದೆ ಇರಲಾರದವಳೂ ಅವಳೇ. ಇದಕ್ಕೆ ಒಂದು ಸಾಲು ಸಂಭಾಷಣೆಯೂ ಬೇಕಾಗಿಲ್ಲ.

ಮೂವರೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವುದು ಹೇಗೆ? ಛಾಯಾಗ್ರಾಹಕ ಗ್ರೆಗ್ ಟೋಲಂಡ್ ಅಗಲ ನೋಟದ ಲೆನ್ಸ್ ಹಾಕಿ, ಅದರ ಕಂಡಿಯನ್ನು ಬಹಳ ಕಿರಿದು ಮಾಡಿದರು. ಕಂಡಿ ಕಿರಿದಾದರೆ ಹತ್ತಿರದ್ದೂ ದೂರದ್ದೂ ಫೋಕಸ್‌ನಲ್ಲಿ ಉಳಿಯುತ್ತದೆ, ಆದರೆ ಒಳಬರುವ ಬೆಳಕು ಕಡಿಮೆಯಾಗುತ್ತದೆ. ಅದನ್ನು ತುಂಬಿಸಲು ಪ್ರಖರವಾದ ಆರ್ಕ್ ದೀಪ, ಹೆಚ್ಚು ಸೂಕ್ಷ್ಮವಾದ ಫಿಲ್ಮ್ ಬಳಸಿದರು. ಕ್ಯಾಮೆರಾ ನೆಲಮಟ್ಟದಿಂದ ಮೇಲೆ ನೋಡುವ ಕಡೆ ಸೆಟ್ಟಿಗೆ ತೆಳು ಬಟ್ಟೆಯ ಮಾಡು ಹೊದಿಸಿ, ಮೈಕನ್ನು ಅದರ ಮೇಲೆ ಇಟ್ಟರು. ಹೀಗೆ ತೆಗೆದ ದೃಶ್ಯದಲ್ಲಿ ಎಲ್ಲಿ ನೋಡಬೇಕೆಂದು ಯಾರೂ ನಮ್ಮ ಕುತ್ತಿಗೆ ತಿರುಗಿಸುವುದಿಲ್ಲ. ಬಯಲಾಟದಲ್ಲಿ ಭಾಗವತರನ್ನು ನೋಡಬೇಕೋ, ಮೂಲೆಯಲ್ಲಿ ನಿಂತ ವೇಷವನ್ನೋ ಎನ್ನುವುದು ನಮಗೇ ಬಿಟ್ಟದ್ದಲ್ಲವೇ, ಹಾಗೆ.

ಎರಡನೆಯದು, ವಯಸ್ಸಾದ ಕೇನ್ ತನ್ನ ಪತ್ರಿಕೆಗಳ ಹಿಡಿತ ಬಿಟ್ಟುಕೊಡುವ ದೃಶ್ಯ. ಹಿಂದಿನ ಗೋಡೆಯ ಕಿಟಕಿಗಳು ಸಾಧಾರಣ ಅಳತೆಯವು ಎಂದೇ ತೋರುತ್ತದೆ. ಅವನು ನಡೆದು ಅವುಗಳ ಬುಡಕ್ಕೆ ಹೋದಾಗ ಕಿಟಕಿಯ ಕೆಳ ಅಂಚೇ ಅವನ ತಲೆಗಿಂತ ಮೇಲಿದೆ! ದೊಡ್ಡ ಮನುಷ್ಯ ಮತ್ತೆ ಕಿಟಕಿಯ ಹತ್ತಿರದ ಸಣ್ಣ ಹುಡುಗನಾಗುತ್ತಾನೆ. ನಾವು ಕ್ಲಾಸಿಕ್ ಎನ್ನುವುದು ಇಂಥದ್ದಕ್ಕೆ. ತಂತ್ರವನ್ನು ಕಿತ್ತರೆ ಅರ್ಥವೂ ಕಿತ್ತುಬರಬೇಕು.

ಪ್ರಶ್ನೆ: ಜಗತ್ತಿನ ಅತಿ ಶ್ರೇಷ್ಠ ಚಿತ್ರ ಯಾವುದೆಂದು ತೀರ್ಮಾನಿಸುವವರು ಯಾರು? ನಮ್ಮ ಕಡೆಯ ಚಿತ್ರಗಳು ಆ ಲೆಕ್ಕದಲ್ಲಿ ಬರುತ್ತವೆಯೇ?
– ನಿವೃತ್ತ ಶಿಕ್ಷಕಿ, ಕುಂದಾಪುರ

ಉತ್ತರ: ಹೆಚ್ಚು ಚರ್ಚೆಯಾಗುವುದು ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರನ್ನು ಕೇಳಿ ಮಾಡುವ ಪಟ್ಟಿ. ಮೊದಲ ಸಲ ಮೇಲೆ ಬಂದದ್ದು ಇಟಲಿಯ ‘ಬೈಸಿಕಲ್ ಥೀವ್ಸ್’. 1962ರಿಂದ 2002ರವರೆಗೆ ‘ಸಿಟಿಜನ್ ಕೇನ್’, 2012ರಲ್ಲಿ ‘ವರ್ಟಿಗೊ’, 2022ರಲ್ಲಿ ಶಾಂತಾಲ್ ಆಕರ್ಮನ್ ಅವರ ‘ಜಾನ್ ಡೀಲ್ಮನ್’. ಚಿತ್ರಗಳು ಬದಲಾಗಿಲ್ಲ, ನೋಡುವವರು ಬದಲಾದರು. ಹಾಗಾಗಿ ಪಟ್ಟಿಯನ್ನು ತೀರ್ಪೆಂದು ಓದಬೇಡಿ, ಮುಂದೆ ಯಾವುದನ್ನು ನೋಡಬಹುದು ಎಂಬ ಸೂಚನೆಯೆಂದು ಓದಿ.

ನಮ್ಮ ಚಿತ್ರಗಳು ಖಂಡಿತ ಬರುತ್ತವೆ. 2022ರಲ್ಲಿ ವಿಮರ್ಶಕರ ಒಕ್ಕೂಟ ಫಿಪ್ರೆಸ್ಕಿಯ ಭಾರತೀಯ ಘಟಕ ಮಾಡಿದ ಹತ್ತು ಚಿತ್ರಗಳ ಪಟ್ಟಿಯಲ್ಲಿ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಐದನೆಯದು. 2024ರಲ್ಲಿ ಅದರ ಪುನರುಜ್ಜೀವಿತ ಪ್ರತಿ ವೆನಿಸ್ ಉತ್ಸವದಲ್ಲಿ ತೆರೆಕಂಡಿತು. ವಿಧವೆ ಯಮುನೆಗೆ ಆದದ್ದನ್ನು ಏನೂ ಪೂರ್ತಿ ಅರ್ಥವಾಗದ ಪುಟ್ಟ ಹುಡುಗನ ಕಣ್ಣಿನಿಂದ ತೋರಿಸಿದ್ದರಿಂದಲೇ ಅದು ಅಷ್ಟು ನಾಟುತ್ತದೆ. ಕೋಟದ ಶಿವರಾಮ ಕಾರಂತರ ಕಾದಂಬರಿಯಿಂದ ಬಿ.ವಿ. ಕಾರಂತರು ಮಾಡಿದ ‘ಚೋಮನ ದುಡಿ’ (1975) ರಾಷ್ಟ್ರದ ಅತ್ಯುತ್ತಮ ಚಿತ್ರ ಪ್ರಶಸ್ತಿ ಪಡೆಯಿತು. ಚೋಮನಾದ ಎಂ.ವಿ. ವಾಸುದೇವ ರಾವ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಅದನ್ನು ನೋಡುವಾಗ ದುಡಿಯ ಪೆಟ್ಟು ಎಲ್ಲೆಲ್ಲಿ ಬರುತ್ತದೆಂದು ಗಮನಿಸಿ. ಚೋಮ ಹೇಳಲಾಗದ ಮಾತನ್ನೆಲ್ಲ ಆ ದುಡಿಯೇ ಹೇಳುತ್ತದೆ.

ಪ್ರಶ್ನೆ: ನಮ್ಮ ಯುವಕ ಮಂಡಲದಿಂದ ಸಭಾಭವನದಲ್ಲಿ ‘ಬೈಸಿಕಲ್ ಥೀವ್ಸ್’ ತೋರಿಸಿದೆವು. ಕನ್ನಡ ಸಬ್‌ಟೈಟಲ್ ನಾವೇ ಮಾಡಿದ್ದು. ಜನರೆಲ್ಲ ದಪ್ಪ ದಪ್ಪ ಕಂಡರು, ಸಬ್‌ಟೈಟಲ್ ಮಾತಿಗಿಂತ ಮುಂದೆ ಓಡಿತು, ಕಪ್ಪು ಬೂದಿಯ ಹಾಗೆ ಇತ್ತು. ಮುಂದಿನ ಸಲ ಸರಿ ಮಾಡುವುದು ಹೇಗೆ?
– ಉಡುಪಿ

ಉತ್ತರ: ಮೂರಕ್ಕೂ ಬೇರೆ ಬೇರೆ ಕಾರಣ. ಮೂರೂ ಸರಿಯಾಗುವಂಥವೇ.

ದಪ್ಪ ಕಂಡದ್ದಕ್ಕೆ ಚಿತ್ರದ ಆಕಾರ ಕಾರಣ. ಆ ಕಾಲದ ಚಿತ್ರಗಳ ಎತ್ತರ 1 ಆದರೆ ಅಗಲ ಸುಮಾರು 1.37. ಇಂದಿನ ಹೆಚ್ಚಿನ ಪ್ರೊಜೆಕ್ಟರುಗಳದು 1.78. ಮೆನುವಿನಲ್ಲಿ ‘ಫುಲ್’ ಅಥವಾ ‘ವೈಡ್’ ಇದ್ದರೆ ಚಿತ್ರವನ್ನು ಸುಮಾರು ಮೂರನೇ ಒಂದು ಭಾಗ ಅಡ್ಡಕ್ಕೆ ಎಳೆದುಬಿಡುತ್ತದೆ. ‘ಆಟೋ’ ಅಥವಾ ‘ಒರಿಜಿನಲ್’ ಇಡಿ. ಎಡಬಲದಲ್ಲಿ ಕಪ್ಪು ಪಟ್ಟಿ ಬರಲಿ, ಅದು ಇರಬೇಕಾದದ್ದೇ. ‘ಝೂಮ್’ ಮಾಡಿ ಪಟ್ಟಿ ತೆಗೆಯಲು ಹೋದರೆ ಮೇಲೆ ಕೆಳಗೆ ತಲೆ, ಕಾಲು ಹೋಗುತ್ತವೆ. ಪರೀಕ್ಷೆ ಸುಲಭ: ಸೈಕಲ್ಲು ನೇರ ಬದಿಯಿಂದ ಕಾಣುವಲ್ಲಿ ನಿಲ್ಲಿಸಿ ಪರದೆಯ ಮೇಲೆ ಟೇಪು ಹಿಡಿದು ಚಕ್ರ ಅಳೆಯಿರಿ. ಅಡ್ಡಕ್ಕೂ ಉದ್ದಕ್ಕೂ ಒಂದೇ ಬರಬೇಕು. ಟಿವಿಯಲ್ಲಿ ತೋರಿಸುವುದಾದರೆ ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗನ್ನೂ ಆರಿಸಿ. ಇಲ್ಲವಾದರೆ ಸೆಕೆಂಡಿಗೆ 24 ಫ್ರೇಮಿನ (ಬಿಡಿ ಚಿತ್ರಗಳ) ಚಿತ್ರ ಧಾರಾವಾಹಿಯ ಹಾಗೆ ಕಾಣುತ್ತದೆ.

ಇನ್ನು ಸಬ್‌ಟೈಟಲ್. ನೀವು ಸಮಯ ಕೂಡಿಸಿದ ವಿಡಿಯೋ ಕಡತ ಬಹುಶಃ ಸೆಕೆಂಡಿಗೆ 25 ಫ್ರೇಮಿನದು, ತೋರಿಸಿದ್ದು 23.976ರದು. ಹಾಗಿದ್ದರೆ ಒಂದು ಗಂಟೆಯ ಹೊತ್ತಿಗೆ ಅಕ್ಷರ ಎರಡೂವರೆ ನಿಮಿಷ ಮುಂದೆ ಹೋಗಿರುತ್ತದೆ. ವಿಎಲ್‌ಸಿ ಎಂಬ ವಿಡಿಯೋ ಪ್ಲೇಯರಿನಲ್ಲಿ ಜಿ, ಎಚ್ ಕೀ ಒತ್ತಿ ಹಿಂದೆ ಮುಂದೆ ಮಾಡಿದರೆ ಆ ಕ್ಷಣಕ್ಕೆ ಸರಿಯಾಗಿ ಮತ್ತೆ ತಪ್ಪುತ್ತದೆ, ಏಕೆಂದರೆ ಅಂತರ ಬೆಳೆಯುತ್ತಲೇ ಇರುತ್ತದೆ. ‘ಸಬ್‌ಟೈಟಲ್ ಎಡಿಟ್’ ಎಂಬ ಉಚಿತ ತಂತ್ರಾಂಶದಲ್ಲಿ ಫ್ರೇಮ್ ರೇಟನ್ನು 25ರಿಂದ 23.976ಕ್ಕೆ ಬದಲಿಸಿ, ಕನ್ನಡ ಅಕ್ಷರ ಕೆಡದೆ ಉಳಿಯುವ ಯುಟಿಎಫ್-8 ಎಂಬ ಬಗೆಯಲ್ಲಿ ಉಳಿಸಿ. ಕನ್ನಡದ ಬದಲು ಚೌಕಗಳು ಬಂದರೆ ಪ್ಲೇಯರಿನ ಅಕ್ಷರಶೈಲಿಯನ್ನು ನೋಟೊ ಸಾನ್ಸ್ ಕನ್ನಡಕ್ಕೆ ಬದಲಿಸಿ. ಶುರು, ನಡು, ಕೊನೆ ಮೂರೂ ಕಡೆ ಪರೀಕ್ಷಿಸಿದ ಮೇಲೆಯೇ ಜನರನ್ನು ಕರೆಯಿರಿ.

ಪ್ರೊಜೆಕ್ಟರ್ ಬೆಳಕನ್ನು ಮಾತ್ರ ಬಿಡಬಲ್ಲುದು, ಕಪ್ಪನ್ನು ಬಿಡಲಾರದು. ಪರದೆಗೆ ಹೊರಗಿನ ಬೆಳಕು ಎಷ್ಟು ಬೀಳುತ್ತದೋ ಕಪ್ಪು ಅಷ್ಟು ಬೂದಿಯಾಗುತ್ತದೆ. ಹೆಚ್ಚು ಲ್ಯೂಮೆನ್ನಿನ (ಬೆಳಕಿನ ಅಳತೆ) ಪ್ರೊಜೆಕ್ಟರ್ ಬಾಡಿಗೆಗೆ ತರುವ ಮೊದಲು ಕಿಟಕಿ, ಗಾಳಿಕಂಡಿಗಳಿಗೆ ದಪ್ಪ ಕಪ್ಪು ಬಟ್ಟೆ ಕಟ್ಟಿ, ಏಳೂವರೆಯ ನಂತರ ಶುರು ಮಾಡಿ. ಪೂರ್ತಿ ಕತ್ತಲಿದ್ದರೆ 12 ಅಡಿ ಅಗಲದ ಪರದೆಗೆ 3,000 ಲ್ಯೂಮೆನ್ ಧಾರಾಳ. ಆ ಪರದೆಯ ಎತ್ತರ 6 ಅಡಿ 9 ಇಂಚು, ಅದರಲ್ಲಿ ಹಳೆಯ ಚಿತ್ರ 9 ಅಡಿ 3 ಇಂಚು ಅಗಲ ಬರುತ್ತದೆ. ಪರದೆಯ ಕೆಳ ಅಂಚು ನೆಲದಿಂದ 4 ಅಡಿ ಮೇಲಿರಲಿ, ಇಲ್ಲವಾದರೆ ಮುಂದಿನ ಸಾಲಿನ ತಲೆಗಳು ಸಬ್‌ಟೈಟಲ್ ಮುಚ್ಚುತ್ತವೆ. ಕೊನೆಯ ಸಾಲು 40 ಅಡಿ ದಾಟದಿರಲಿ.

ನೀವು ಕೇಳದಿದ್ದರೂ ಶಬ್ದದ ಬಗ್ಗೆ ಒಂದು ಮಾತು. ಹಳೆಯ ಚಿತ್ರಗಳಿಗೆ ಒಂದೇ ಧ್ವನಿಪಥ. ಸಭೆಗೆಂದು ಗೋಡೆಯುದ್ದಕ್ಕೂ ಹಾಕಿದ ಸ್ಪೀಕರುಗಳಲ್ಲಿ ಬಿಟ್ಟರೆ ಮಾತು ಪ್ರತಿಧ್ವನಿಸಿ ಕಲಸಿಹೋಗುತ್ತದೆ. ಎರಡೇ ಸ್ಪೀಕರನ್ನು ಪರದೆಯ ಪಕ್ಕ, ಕೂತವರ ಕಿವಿಗಿಂತ ಸ್ವಲ್ಪ ಮೇಲಿಟ್ಟು, ಮಿಕ್ಸರಿನಲ್ಲಿ ಬಾಸ್ ತಗ್ಗಿಸಿ. ತಗಡಿನ ಮಾಡಿನ ಭವನವಾದರೆ ಆಟಿಯ ಮಳೆಯಲ್ಲಿ ಪ್ರದರ್ಶನ ಬೇಡವೇ ಬೇಡ. ಕರೆಂಟು ಹೋಗುವ ಊರಿನಲ್ಲಿ ಪ್ರೊಜೆಕ್ಟರಿಗೆ ಯುಪಿಎಸ್ ಬೇಕು. ಬಿಸಿಯಾದ ಲ್ಯಾಂಪು ಒಮ್ಮೆ ಆರಿದರೆ ತಣಿಯುವವರೆಗೆ ಮತ್ತೆ ಹೊತ್ತುವುದಿಲ್ಲ.

ಪ್ರಶ್ನೆ: ಅಜ್ಜ ಟಾಕೀಸಿನಲ್ಲಿ ಆಪರೇಟರ್ ಆಗಿದ್ದರು. ಅಟ್ಟದಲ್ಲಿ ರೀಲು ತುಂಬಿದ ಮೂರು ತಗಡಿನ ಡಬ್ಬ ಸಿಕ್ಕಿವೆ. ಮುಚ್ಚಳ ತೆರೆದರೆ ಹುಳಿ ವಾಸನೆ. ಬಿಸಾಡುವುದೇ?
– ಮಂಗಳೂರು

ಉತ್ತರ: ದಯವಿಟ್ಟು ಬಿಸಾಡಬೇಡಿ. ಅದು ವಿನೆಗರಿನ ವಾಸನೆ. ಅಸಿಟೇಟ್ ಫಿಲ್ಮ್ ಸೆಕೆ ಮತ್ತು ತೇವಕ್ಕೆ ಕೊಳೆಯುವಾಗ ಅಸಿಟಿಕ್ ಆಮ್ಲ ಹೊರಬರುತ್ತದೆ, ಆ ಆಮ್ಲವೇ ಕೊಳೆಯುವುದನ್ನು ಇನ್ನೂ ವೇಗ ಮಾಡುತ್ತದೆ. ಗಾಳಿಯಾಡದ ತಗಡಿನ ಡಬ್ಬ, ಮೇಲೆ ನಮ್ಮ ಕರಾವಳಿಯ ಮಳೆಗಾಲ, ಎರಡೂ ಸೇರಿದರೆ ಅದಕ್ಕೆ ಹೇಳಿ ಮಾಡಿಸಿದ ಜಾಗ.

ರೀಲು ಬಿಚ್ಚಬೇಡಿ, ಪ್ರೊಜೆಕ್ಟರಿಗೆ ಏರಿಸಲೇಬೇಡಿ. ಕುಗ್ಗಿದ ಫಿಲ್ಮಿನ ತೂತುಗಳು ಹಲ್ಲುಚಕ್ರಕ್ಕೆ ಕೂರದೆ ಹರಿದುಹೋಗುತ್ತವೆ. ಜಗಲಿಯ ನೆರಳಿನಲ್ಲಿ ಕೈಗವಸು ಹಾಕಿ ಮುಚ್ಚಳ ತೆಗೆದು, ಹೊರಸುತ್ತಿನ ಅಂಚನ್ನು ನೋಡಿ. ‘ಸೇಫ್ಟಿ’ ಎಂದು ಅಚ್ಚಾಗಿದ್ದರೆ ಅಸಿಟೇಟ್. ‘ನೈಟ್ರೇಟ್’ ಎಂದಿದ್ದರೆ ಅಥವಾ ಫಿಲ್ಮು ಅಂಟಂಟಾಗಿ ಕಂದು ಪುಡಿ ಉದುರುತ್ತಿದ್ದರೆ ಅದು ಬೆಂಕಿಗೆ ಬಹುಬೇಗ ಹತ್ತುವ ಹಳೆಯ ಬಗೆ. ಹೊತ್ತಿದರೆ ನೀರಿಗೂ ನಂದುವುದಿಲ್ಲ. ಮನೆಯೊಳಗೆ ಇಡಬೇಡಿ, ಬಿಸಿಲಿಗೂ ಇಡಬೇಡಿ, ಕೂಡಲೇ ತಜ್ಞರಿಗೆ ತಿಳಿಸಿ.

ಅಸಿಟೇಟ್ ಆದರೆ ಗಾಳಿಯಾಡುವ ಪೆಟ್ಟಿಗೆಗೆ ಬದಲಿಸಿ, ಮನೆಯ ಬೇರೆ ಫೋಟೋ, ನೆಗೆಟಿವ್‌ಗಳಿಂದ ದೂರ, ಮನೆಯಲ್ಲೇ ತಂಪಾದ ಒಣ ಕೋಣೆಯಲ್ಲಿ ನೆಲದಿಂದ ಮೇಲಿಡಿ. ಡಬ್ಬದ ಮೇಲಿನ ಬರಹ, ರೀಲಿನ ಸಂಖ್ಯೆಗಳ ಫೋಟೋ ತೆಗೆದುಕೊಳ್ಳಿ. ಆ ಫೋಟೋಗಳನ್ನು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೋ ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್‌ಗೋ ಕಳಿಸಿ ಕೇಳಿ. 35 ಮಿ.ಮೀ. ಫಿಲ್ಮು 1,000 ಅಡಿಗೆ ಸುಮಾರು 11 ನಿಮಿಷ, ಹಾಗಾಗಿ ಮೂರು ಡಬ್ಬದಲ್ಲಿ ಪೂರ್ತಿ ಚಿತ್ರ ಇರಲಾರದು. ಇದ್ದಷ್ಟಾದರೂ ಉಳಿಯಲಿ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ನಮಗೆ ಒಂದು ರೀಲೂ ಉಳಿದಿಲ್ಲ.